ಐದು ದಿನ ಯಾರೂ ದೂರದಿದ್ದರೆ

ಲಿನಕ್ಸ್ ಕಂಪ್ಯೂಟರಿನಲ್ಲಿ ‘ಗುಂಡ್ಲುಪೇಟೆ’ ಎಂದು ಬರೆದರೆ ಡಕಾರದ ಕೆಳಗೆ ಲಕಾರದ ಒತ್ತು ಮೂಡಬೇಕು, ಬಲಕ್ಕೆ ಕೊಂಬು ಕೂರಬೇಕು. ಇಷ್ಟು ಸಣ್ಣ ಕೆಲಸಕ್ಕೆ ಕಡಿಮೆಯೆಂದರೂ ನಾಲ್ಕು ತಂತ್ರಾಂಶಗಳು ದುಡಿಯುತ್ತವೆ. ಕೀಲಿಮಣೆಯಲ್ಲಿ ಒತ್ತಿದ್ದನ್ನು ಕನ್ನಡ ಅಕ್ಷರವಾಗಿಸುವುದು ಎಂ17ಎನ್. ಯಾವ ಅಕ್ಷರದ ಕೆಳಗೆ ಯಾವ ಒತ್ತು ಬರಬೇಕೆಂದು ಜೋಡಿಸುವುದು ಹಾರ್ಫ್‌ಬಝ್. ಆಕಾರ ಕೊಡುವುದು ಗುಬ್ಬಿ, ನವಿಲು, ಲೋಹಿತ್‌ನಂಥ ಫಾಂಟು. ಇವನ್ನೆಲ್ಲ ಬಳಸಿಕೊಂಡು ಪುಟ ಕಟ್ಟುವುದು ಲಿಬ್ರೆಆಫೀಸ್. ಇವನ್ನು ಬರೆಯುವವರು ಬೇರೆ ಬೇರೆ, ಹೊಸ ಆವೃತ್ತಿ ಬರುವ ವೇಗವೂ ಬೇರೆ ಬೇರೆ. ಒಂದರ ಹೊಸದು ಇನ್ನೊಂದರ ಹಳೆಯದಕ್ಕೆ ಹೊಂದದೆ ಹೋದರೆ ಊರಿನ ಹೆಸರು ‘ಗುಂಡ್‌ಲುಪೇಟೆ’ ಎಂದು ಒಡೆದು ಕಾಣುತ್ತದೆ.

ಹಾಗಾದರೆ ಹೊಸ ಆವೃತ್ತಿಯೊಂದು ಜನರ ಕೈಗೆ ಹೋಗಲು ಸಿದ್ಧವಾಗಿದೆ ಎಂದು ಹೇಳುವವರು ಯಾರು? ಬರೆದವರೇ ಹೇಳಿದರೆ ಸಾಕೆ? ಈ ಪ್ರಶ್ನೆಗೆ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಯೋಜನೆ ಕಾಲು ಶತಮಾನದಿಂದ ಕೊಡುತ್ತಿರುವ ಉತ್ತರ ನೋಡುವಂಥದ್ದು.

ಡೆಬಿಯನ್ ಹುಟ್ಟಿದ್ದು 1993ರ ಆಗಸ್ಟ್ 16ರಂದು, ಇಯಾನ್ ಮುರ್ಡಾಕ್ ಎಂಬ ವಿದ್ಯಾರ್ಥಿಯ ಪ್ರಕಟಣೆಯಿಂದ. ಇದರ ಹಿಂದೆ ಕಂಪನಿಯಿಲ್ಲ, ಸ್ವಯಂಸೇವಕರೇ ನಡೆಸುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಇವರ ವಾರ್ಷಿಕ ಸಮ್ಮೇಳನ ಕೊಚ್ಚಿಯಲ್ಲೇ ನಡೆಯಿತು. ಡೆಬಿಯನ್ ಹೆಸರನ್ನೇ ಕೇಳದವರೂ ಅದನ್ನು ಬಳಸಿರಬಹುದು. ಶಿಕ್ಷಣ ಇಲಾಖೆಯ ಟಾಲ್ಪ್ ಎಂಬ ಕಂಪ್ಯೂಟರ್ ತರಬೇತಿಯಲ್ಲಿ ನಮ್ಮ ಪ್ರೌಢಶಾಲಾ ಶಿಕ್ಷಕರು ಕಲಿತ ಉಬುಂಟು ತನ್ನ ಪ್ಯಾಕೇಜುಗಳಲ್ಲಿ, ಅಂದರೆ ಸ್ಥಾಪಿಸಲು ಸಿದ್ಧವಾದ ತಂತ್ರಾಂಶದ ಕಟ್ಟುಗಳಲ್ಲಿ, ಬಹುಪಾಲನ್ನು ಡೆಬಿಯನ್‌ನಿಂದಲೇ ತರಿಸಿಕೊಳ್ಳುತ್ತದೆ. ಕನ್ನಡದ ಫಾಂಟುಗಳೂ ಅದೇ ದಾರಿಯಲ್ಲಿ ಬರುತ್ತವೆ. ಡೆಬಿಯನ್‌ನಲ್ಲಿ ಏನು ದಾಟುತ್ತದೆ, ಏನು ನಿಲ್ಲುತ್ತದೆ ಎಂಬುದು ಚಾಮರಾಜನಗರದ ಶಾಲೆಯ ಲ್ಯಾಬಿಗೂ ಸಂಬಂಧಪಟ್ಟ ವಿಚಾರವಾಗುವುದು ಹೀಗೆ.

ಡೆಬಿಯನ್‌ನಲ್ಲಿ ಮುಖ್ಯವಾಗಿ ಮೂರು ಶಾಖೆಗಳಿವೆ. ಹೊಸತು ಮೊದಲು ಬಂದು ಬೀಳುವುದು ‘ಅನ್‌ಸ್ಟೇಬಲ್’ಗೆ. ಅಲ್ಲಿಂದ ದಾಟಿದ್ದು ‘ಟೆಸ್ಟಿಂಗ್’ಗೆ. ಎರಡು ವರ್ಷಕ್ಕೊಮ್ಮೆ, ಹೆಚ್ಚು ಕಡಿಮೆ, ಟೆಸ್ಟಿಂಗ್ ಶಾಖೆಯನ್ನೇ ಗಟ್ಟಿ ಮಾಡಿ ‘ಸ್ಟೇಬಲ್’ ಎಂದು ಬಿಡುಗಡೆ ಮಾಡುತ್ತಾರೆ. ಬಿಡುಗಡೆಗಳ ಹೆಸರುಗಳೆಲ್ಲ ‘ಟಾಯ್ ಸ್ಟೋರಿ’ ಚಲನಚಿತ್ರದ ಪಾತ್ರಗಳವು. 2023ರ ಜೂನ್‌ನಲ್ಲಿ ಬಂದದ್ದು ಬುಕ್‌ವರ್ಮ್, 2025ರ ಆಗಸ್ಟ್ 9ರಂದು ಬಂದದ್ದು ಟ್ರಿಕ್ಸಿ. ಟ್ರಿಕ್ಸಿಯ ನಂತರ ಟೆಸ್ಟಿಂಗ್ ಶಾಖೆಗೆ ಫೋರ್ಕಿ ಎಂದು ಹೆಸರು. ಅನ್‌ಸ್ಟೇಬಲ್ ಮಾತ್ರ ಎಂದೆಂದಿಗೂ ‘ಸಿಡ್’. ಚಿತ್ರದಲ್ಲಿ ಆಟಿಕೆಗಳನ್ನು ಮುರಿದು ಹಾಕುವ ಪಕ್ಕದ ಮನೆಯ ಹುಡುಗ. ಇಷ್ಟು ಪ್ರಾಮಾಣಿಕವಾಗಿ ಹೆಸರಿಟ್ಟ ತಂತ್ರಾಂಶವನ್ನು ನಾನು ಬೇರೆ ನೋಡಿಲ್ಲ.

ಟೆಸ್ಟಿಂಗ್ ಶಾಖೆ ಮೊದಲಿನಿಂದ ಇರಲಿಲ್ಲ. ಹಿಂದೆ ಬಿಡುಗಡೆಯ ಸಮಯ ಬಂದಾಗ ಅನ್‌ಸ್ಟೇಬಲ್ ಅನ್ನೇ ನಕಲು ಮಾಡಿ, ಬೀಗ ಹಾಕಿ, ತಿಂಗಳುಗಟ್ಟಲೆ ಸ್ವಚ್ಛ ಮಾಡುತ್ತಿದ್ದರು. ಪ್ಯಾಕೇಜುಗಳು ಸಾವಿರ ಸಾವಿರವಾದಂತೆ ಅದು ನಡೆಯದಾಯಿತು. 2000ದ ಡಿಸೆಂಬರ್‌ನಲ್ಲಿ ಆಂಥನಿ ಟೌನ್ಸ್ ಅವರ ಮುಂದಾಳತ್ವದಲ್ಲಿ ಟೆಸ್ಟಿಂಗ್ ಬಂತು. ಯಾವುದು ದಾಟಬೇಕು, ಯಾವುದು ಕಾಯಬೇಕು ಎಂದು ಲೆಕ್ಕ ಹಾಕುವ ಪ್ರೋಗ್ರಾಮಿಗೆ ‘ಬ್ರಿಟ್ನಿ’ ಎಂದು ಹೆಸರಿಟ್ಟರು. ಗಾಯಕಿಯ ಹೆಸರೇ. ಟ್ರಿಕ್ಸಿಯಲ್ಲಿ 69,830 ಪ್ಯಾಕೇಜುಗಳಿದ್ದವು. ಇಷ್ಟನ್ನು ಮನುಷ್ಯರು ಕೂತು ಒಂದೊಂದಾಗಿ ಸರಿ ಎನ್ನಲು ಸಾಧ್ಯವಿಲ್ಲ. ದಿನವೂ ಈ ಲೆಕ್ಕವನ್ನು ಹೊಸದಾಗಿ ಹಾಕುವವಳು ಬ್ರಿಟ್ನಿ.

ಅವಳ ಮೊದಲ ಪ್ರಶ್ನೆ ದಿನಗಳದ್ದು. ಪ್ಯಾಕೇಜು ಅನ್‌ಸ್ಟೇಬಲ್‌ನಲ್ಲಿ ಎಷ್ಟು ದಿನ ಕಳೆದಿದೆ? ಪ್ಯಾಕೇಜನ್ನು ನೋಡಿಕೊಳ್ಳುವ ನಿರ್ವಾಹಕರು ಪ್ರತಿ ಆವೃತ್ತಿಯ ಬದಲಾವಣೆ ಪಟ್ಟಿಯಲ್ಲಿ ತುರ್ತು ಎಷ್ಟೆಂದು ಬರೆದಿರುತ್ತಾರೆ. ‘ಲೋ’ ಎಂದಿದ್ದರೆ 10 ದಿನ, ‘ಮೀಡಿಯಂ’ಗೆ 5, ‘ಹೈ’ಗೆ 2. ಸಾಮಾನ್ಯವಾಗಿ ಬರೆಯುವುದು ಮೀಡಿಯಂ. ಗುಂಡ್ಲುಪೇಟೆಯವರಿಗೆ ಇಂಥ ಕಾಯುವಿಕೆ ಹೊಸದೇನಲ್ಲ. ಬಂಡೀಪುರದ ಕಾಡಿನ ದಾರಿಗೆ 2009ರಿಂದ ರಾತ್ರಿ 9ಕ್ಕೆ ಗೇಟು ಬಿದ್ದರೆ ಬೆಳಗ್ಗೆ 6ಕ್ಕೇ ತೆಗೆಯುವುದು. ಮದ್ದೂರು ಚೆಕ್‌ಪೋಸ್ಟಿನಲ್ಲಿ ಸಾಲುಗಟ್ಟಿದ ತರಕಾರಿ ಲಾರಿಯಲ್ಲಿ ತಪ್ಪೇನೂ ಇರಬೇಕಾಗಿಲ್ಲ, ಆದರೂ ಕಾಯಬೇಕು. ಆಂಬ್ಯುಲೆನ್ಸಿಗೆ ದಾರಿ ಬಿಡುತ್ತಾರೆ. ‘ಹೈ’ ಎಂಬ ಚೀಟಿ ಆಂಬ್ಯುಲೆನ್ಸಿನ ಸೈರನ್ ಇದ್ದಂತೆ, ಭದ್ರತೆಯ ದೋಷ ಸರಿಪಡಿಸಿದ ಆವೃತ್ತಿಗಳಿಗೆ ಅದನ್ನು ಹಚ್ಚುತ್ತಾರೆ.

ಈ ಕಾಯುವಿಕೆಯಲ್ಲಿ ಹೊಸಬರು ಸಿಕ್ಕಿಬೀಳುವ ಒಂದು ತೊಡಕಿದೆ. ನಾಲ್ಕನೆಯ ದಿನ ಚಿಕ್ಕ ತಿದ್ದುಪಡಿ ಮಾಡಿ ಮತ್ತೆ ಕಳಿಸಿದರೆ ಎಣಿಕೆ ಪುನಃ ಸೊನ್ನೆಯಿಂದ ಶುರು. ಎರಡು ದಿನಕ್ಕೊಮ್ಮೆ ಉತ್ಸಾಹದಿಂದ ಹೊಸ ಆವೃತ್ತಿ ಕಳಿಸುವವರ ಪ್ಯಾಕೇಜು ತಿಂಗಳಾದರೂ ಟೆಸ್ಟಿಂಗ್ ಮುಟ್ಟುವುದಿಲ್ಲ. ಪ್ಯಾಕೇಜನ್ನು ತಮ್ಮ ಲ್ಯಾಪ್‌ಟಾಪಿನಲ್ಲೇ ಕಟ್ಟಿ ಕಳಿಸಿದರೂ ಈಗ ದಾಟದು. 2019ರ ನಂತರ ಮೂಲ ಸಂಕೇತವನ್ನಷ್ಟೇ ಕಳಿಸಬೇಕು, ಕಟ್ಟುವುದು ಡೆಬಿಯನ್‌ನ ಯಂತ್ರಗಳೇ. ಒಬ್ಬರ ಕಂಪ್ಯೂಟರಿನಲ್ಲಿ ಮಾತ್ರ ಕಟ್ಟಲು ಬರುವ ತಂತ್ರಾಂಶ ಎಲ್ಲರದ್ದು ಹೇಗಾದೀತು?

ಎರಡನೆಯ ಪ್ರಶ್ನೆ ಬಗ್‌ಗಳದ್ದು. ಡೆಬಿಯನ್‌ನಲ್ಲಿ ದೋಷಗಳಿಗೆ ದರ್ಜೆಗಳಿವೆ. ‘ಕ್ರಿಟಿಕಲ್’, ‘ಗ್ರೇವ್’, ‘ಸೀರಿಯಸ್’ ಎಂಬ ಮೇಲಿನ ಮೂರು ಮಾತ್ರ ಬಿಡುಗಡೆಗೆ ಅಡ್ಡ ಬರುವಂಥವು. ‘ಇಂಪಾರ್ಟೆಂಟ್’, ‘ನಾರ್ಮಲ್’, ‘ಮೈನರ್’, ‘ವಿಶ್‌ಲಿಸ್ಟ್’ ಎಷ್ಟು ಬಿದ್ದಿದ್ದರೂ ಬ್ರಿಟ್ನಿ ಕಣ್ಣೆತ್ತಿ ನೋಡುವುದಿಲ್ಲ. ಮೇಲಿನ ದರ್ಜೆಯ ಬಗ್ ಇದ್ದರೂ ಅವಳು ಕೇಳುವುದು ಒಂದೇ ಮಾತು: ಇದು ಟೆಸ್ಟಿಂಗ್‌ನಲ್ಲಿ ಈಗಾಗಲೇ ಇರುವ ಆವೃತ್ತಿಯಲ್ಲೂ ಇದೆಯೋ, ಹೊಸದಾಗಿ ಬಂದದ್ದೋ? ಹಳೆಯದರಲ್ಲೂ ಇದ್ದರೆ ಹೊಸ ಆವೃತ್ತಿಯನ್ನು ತಡೆದು ಪ್ರಯೋಜನವೇನು ಎಂಬ ತರ್ಕದ ಮೇಲೆ ಬಿಟ್ಟುಬಿಡುತ್ತಾಳೆ.

ಇಡೀ ವ್ಯವಸ್ಥೆಯ ಕೀಲಿ ಇದೇ. ಟೆಸ್ಟಿಂಗ್‌ಗೆ ಬರಲು ಪ್ಯಾಕೇಜು ಒಳ್ಳೆಯದಾಗಿರಬೇಕೆಂದು ನಿಯಮ ಎಲ್ಲೂ ಹೇಳುವುದಿಲ್ಲ. ಈಗಿರುವುದಕ್ಕಿಂತ ಕೆಟ್ಟದಾಗಿರಬಾರದು, ಅಷ್ಟೆ. ಇದನ್ನು ಓದಿದವರಿಗೆ ನಿರಾಸೆಯಾಗಬಹುದು. ನನಗಂತೂ ಇದು ಜಾಣ ನಿಯಮವೆನಿಸುತ್ತದೆ. ಒಳ್ಳೆಯದು ಎಂಬುದಕ್ಕೆ ನೂರು ಜನರ ನೂರು ಅಳತೆ ಇದ್ದೀತು. ಕೆಟ್ಟಿತೋ ಇಲ್ಲವೋ ಎಂಬುದನ್ನು ಯಂತ್ರ ಅಳೆಯಬಲ್ಲದು.

ನಿರ್ವಾಹಕರು ಈ ನಿಯಮವನ್ನೇ ತಿರುಗಿಸಿ ಬಳಸುವುದೂ ಉಂಟು. ಹೊಸ ಆವೃತ್ತಿಯನ್ನು ಅನ್‌ಸ್ಟೇಬಲ್‌ನಲ್ಲಿ ಜನ ಬಳಸಿ ನೋಡಲಿ, ಆದರೆ ಟೆಸ್ಟಿಂಗ್‌ಗೆ ಇನ್ನೂ ಬೇಡ ಎನಿಸಿದರೆ ತಮ್ಮ ಪ್ಯಾಕೇಜಿನ ಮೇಲೆ ತಾವೇ ‘ಸೀರಿಯಸ್’ ಬಗ್ ದಾಖಲಿಸಿಕೊಳ್ಳುತ್ತಾರೆ. ಸಿದ್ಧವಾಯಿತು ಎನಿಸಿದ ದಿನ ತಾವೇ ಮುಚ್ಚುತ್ತಾರೆ. ಅನ್‌ಸ್ಟೇಬಲ್‌ಗೂ ತರಲು ಧೈರ್ಯ ಸಾಲದಿದ್ದರೆ ‘ಎಕ್ಸ್‌ಪೆರಿಮೆಂಟಲ್’ ಎಂಬ ಪ್ರತ್ಯೇಕ ಜಾಗವಿದೆ. ಅಲ್ಲಿಂದ ಯಾವುದೂ ತಾನಾಗಿ ಮುಂದೆ ಹೋಗುವುದಿಲ್ಲ.

ಮೂರನೆಯದು ಅವಲಂಬನೆ. ಲಿಬ್ರೆಆಫೀಸಿನ ಹೊಸ ಆವೃತ್ತಿಗೆ ಹಾರ್ಫ್‌ಬಝ್‌ನ ಹೊಸ ಆವೃತ್ತಿ ಬೇಕು ಎಂದಾದರೆ ಹಾರ್ಫ್‌ಬಝ್ ದಾಟುವ ತನಕ ಲಿಬ್ರೆಆಫೀಸ್ ದಾಟುವಂತಿಲ್ಲ. ಹಾಗೆಯೇ, ಒಂದು ಪ್ಯಾಕೇಜು ಒಳಗೆ ಬಂದು ಟೆಸ್ಟಿಂಗ್‌ನಲ್ಲಿರುವ ಇನ್ನೊಂದನ್ನು ಸ್ಥಾಪಿಸಲಾಗದಂತೆ ಮಾಡಿದರೆ ಅದಕ್ಕೂ ಪ್ರವೇಶವಿಲ್ಲ. ಕೆಲವು ಸಲ ನೂರಾರು ಪ್ಯಾಕೇಜುಗಳು ಒಂದಕ್ಕೊಂದು ಹೆಣೆದುಕೊಂಡು, ದಾಟಿದರೆ ಎಲ್ಲವೂ ಒಟ್ಟಿಗೇ ದಾಟಬೇಕಾಗುತ್ತದೆ. 2024ರಲ್ಲಿ ಆದದ್ದು ಇದೇ. 32 ಬಿಟ್ ಯಂತ್ರಗಳ ಗಡಿಯಾರ 2038ರಲ್ಲಿ ತುಂಬಿ ಉಕ್ಕುತ್ತದೆ ಎಂಬ ಹಳೆಯ ಸಮಸ್ಯೆ ಬಗೆಹರಿಸಲು ಡೆಬಿಯನ್‌ನವರು ಸಮಯವನ್ನು 64 ಬಿಟ್‌ನಲ್ಲಿ ಹಿಡಿಯುವಂತೆ ರಾಶಿ ರಾಶಿ ಲೈಬ್ರರಿಗಳನ್ನು ಒಮ್ಮೆಲೇ ಬದಲಿಸಿದರು. ಆಗ ಟೆಸ್ಟಿಂಗ್ ವಾರಗಟ್ಟಲೆ ಸ್ತಬ್ಧವಾಯಿತು. ಸಂಬಂಧವೇ ಇಲ್ಲದ ಸಣ್ಣ ತಂತ್ರಾಂಶಗಳೂ ಆ ಗೋಜಲಿನ ಹಿಂದೆ ನಿಂತವು.

ಫಾಂಟುಗಳಿಗೆ ಈ ಕಾಟ ಕಡಿಮೆ. ಫಾಂಟು ಯಾವ ಪ್ರೊಸೆಸರಿಗೂ ಸೇರಿದ್ದಲ್ಲ, ಒಂದೇ ಕಡತ ಎಲ್ಲ ಯಂತ್ರಕ್ಕೂ ಆಗುತ್ತದೆ. ಆದ್ದರಿಂದ ಗುಬ್ಬಿಯೋ ನವಿಲೋ ಐದು ದಿನ ಕಳೆದು ನಿರಾಯಾಸವಾಗಿ ದಾಟುತ್ತವೆ. ನಿರಾಯಾಸ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಾಲ್ಕನೆಯದು ಸ್ವಯಂಚಾಲಿತ ಪರೀಕ್ಷೆ. ಪ್ಯಾಕೇಜಿನ ಜೊತೆಗೇ ಪರೀಕ್ಷೆಗಳನ್ನು ಬರೆದಿಟ್ಟಿದ್ದರೆ ಡೆಬಿಯನ್‌ನ ಯಂತ್ರಗಳು ಹೊಸ ಆವೃತ್ತಿಯನ್ನು ಟೆಸ್ಟಿಂಗ್‌ನ ವಾತಾವರಣದಲ್ಲಿ ಹಾಕಿ ನಡೆಸಿ ನೋಡುತ್ತವೆ. ಅದರದ್ದೇ ಪರೀಕ್ಷೆಗಳ ಜೊತೆಗೆ ಅದನ್ನು ನೆಚ್ಚಿಕೊಂಡ ಬೇರೆ ಪ್ಯಾಕೇಜುಗಳ ಪರೀಕ್ಷೆಗಳೂ ನಡೆಯುತ್ತವೆ. ಹಿಂದೆ ಪಾಸಾಗುತ್ತಿದ್ದದ್ದು ಈಗ ಫೇಲಾದರೆ ತಡೆ. ಎಲ್ಲ ಪಾಸಾದರೆ ಕಾಯುವ ದಿನಗಳಲ್ಲಿ ರಿಯಾಯಿತಿ. ಪರೀಕ್ಷೆ ಬರೆಯದವರನ್ನು ಬೈಯುವ ಬದಲು ಬರೆದವರನ್ನು ಬೇಗ ಬಿಡುವುದು. ಸ್ವಯಂಸೇವಕರಿಂದ ಕೆಲಸ ತೆಗೆಯಲು ಇದಕ್ಕಿಂತ ಒಳ್ಳೆಯ ಉಪಾಯ ಇರಲಿಕ್ಕಿಲ್ಲ.

ಹಾರ್ಫ್‌ಬಝ್ ಬರೆದವರು ಅಕ್ಷರ ಜೋಡಣೆಯ ಪರೀಕ್ಷೆಗಳಲ್ಲಿ ಕನ್ನಡದ ಮಾದರಿಗಳನ್ನೂ ಸೇರಿಸಿಟ್ಟಿದ್ದಾರೆ. ಅದು ನಮ್ಮ ಪುಣ್ಯ. ಆದರೆ ಅಲ್ಲಿ ಪರೀಕ್ಷೆಯಾಗುವುದು ಜೋಡಣೆಯ ಕ್ರಮ. ಕಾಗದದ ಮೇಲೆ ಒತ್ತಕ್ಷರ ಮೇಲಿನ ಸಾಲಿಗೆ ತಾಗಿತೇ, ದಪ್ಪಕ್ಷರದಲ್ಲಿ ಅರ್ಕಾವತ್ತು ಮಸುಕಾಯಿತೇ, ಪಿಡಿಎಫ್ ಮಾಡಿದಾಗ ಅಕ್ಷರ ಕಾಣೆಯಾಯಿತೇ ಎಂದು ಯಂತ್ರ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಕನ್ನಡ ಓದುವವರು.

ಇಲ್ಲಿ ಆ ‘ನಿರಾಯಾಸ’ಕ್ಕೆ ಬರೋಣ. ಐದು ದಿನದ ಕಾಯುವಿಕೆಯ ಅರ್ಥವೇನು? ಅನ್‌ಸ್ಟೇಬಲ್ ಬಳಸುವವರು ಜಗತ್ತಿನಾದ್ಯಂತ ಇದ್ದಾರೆ, ದೋಷವಿದ್ದರೆ ಐದು ದಿನದೊಳಗೆ ಯಾರಾದರೂ ದೂರುತ್ತಾರೆ ಎಂಬ ನಂಬಿಕೆ. ಯಾರೂ ದೂರದಿದ್ದರೆ ಸರಿಯಿದೆ ಎಂದು ಲೆಕ್ಕ. ಇಂಗ್ಲಿಷ್ ಅಕ್ಷರ ಕೆಟ್ಟರೆ ಐದು ನಿಮಿಷ ಸಾಕು. ಕನ್ನಡ ಫಾಂಟಿನ ಹೊಸ ಆವೃತ್ತಿಯನ್ನು ಅನ್‌ಸ್ಟೇಬಲ್‌ನಲ್ಲಿ ಹಾಕಿಕೊಂಡು ಆ ಐದು ದಿನದಲ್ಲಿ ಒಂದು ಪುಟ ಕನ್ನಡ ಓದುವವರು ಎಷ್ಟು ಮಂದಿ? ಬೆರಳೆಣಿಕೆಯಷ್ಟು ಜನ ಇದ್ದರೂ ಅವರು ಆ ವಾರ ಊರಲ್ಲಿರಬೇಕು. ದೋಷವಿಲ್ಲದ್ದರಿಂದ ಬಂದ ಮೌನವೋ, ನೋಡುವವರಿಲ್ಲದ್ದರಿಂದ ಬಂದ ಮೌನವೋ ಬ್ರಿಟ್ನಿಗೆ ಗೊತ್ತಾಗದು. ಅವಳಿಗೆ ಎರಡೂ ಒಂದೇ.

ಜನ ಇದ್ದರೂ ಸಾಲದು ಎಂಬುದಕ್ಕೆ 2024ರ ಎಕ್ಸ್‌ಝಡ್ ಪ್ರಕರಣ ಸಾಕ್ಷಿ. ಕಡತಗಳನ್ನು ಕುಗ್ಗಿಸುವ ಈ ಸಣ್ಣ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಯೋಜನೆಯೊಳಗೆ ನಂಬಿಕೆ ಗಳಿಸಿ ಸೇರಿಕೊಂಡಿದ್ದವನೊಬ್ಬ ಕಳ್ಳಬಾಗಿಲು ಅಡಗಿಸಿಟ್ಟಿದ್ದ. ದಿನಗಳು ಕಳೆದವು, ಅಡ್ಡಿಯಾಗುವ ಬಗ್ ದಾಖಲಾಗಲಿಲ್ಲ. ಪ್ಯಾಕೇಜು ಎಲ್ಲ ಗೇಟುಗಳನ್ನೂ ದಾಟಿ ಟೆಸ್ಟಿಂಗ್ ಸೇರಿತು. ಡೆಬಿಯನ್ ಅನ್‌ಸ್ಟೇಬಲ್ ಬಳಸುತ್ತಿದ್ದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿಗೆ ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದು ಕಿರಿಕಿರಿಯಾಯಿತು. ಬೆನ್ನು ಹತ್ತಿ ಹೋದವರು ಮಾರ್ಚ್ 29ರಂದು ವಿಷಯ ಬಯಲು ಮಾಡಿದರು. ಸ್ಟೇಬಲ್ ಶಾಖೆಗೆ ಅದು ತಲುಪಿರಲಿಲ್ಲ. ಹಂತ ಹಂತವಾಗಿ ಬಿಡುವ ಪದ್ಧತಿಯಿಂದ ಕೋಟ್ಯಂತರ ಯಂತ್ರಗಳು ಉಳಿದವು ಎನ್ನಬಹುದು. ಹಿಡಿದದ್ದು ಮಾತ್ರ ಯಾವ ನಿಯಮವೂ ಅಲ್ಲ, ಅರ್ಧ ಸೆಕೆಂಡನ್ನು ಗಮನಿಸಿ ಸುಮ್ಮನಿರಲಾರದ ಒಬ್ಬ ಮನುಷ್ಯ.

ಬಿಡುಗಡೆ ಹತ್ತಿರ ಬಂದಾಗ ಗೇಟುಗಳು ಒಂದೊಂದಾಗಿ ಬಿಗಿಯಾಗುತ್ತವೆ. ಇದಕ್ಕೆ ‘ಫ್ರೀಜ್’ ಎನ್ನುತ್ತಾರೆ. ಟ್ರಿಕ್ಸಿಗೆ ಇದು 2025ರ ಮಾರ್ಚ್ 15ಕ್ಕೆ ಶುರುವಾಯಿತು. ಅಂದಿನಿಂದ ದೊಡ್ಡ ಲೈಬ್ರರಿ ಬದಲಾವಣೆಗಳು ಬಂದ್. ಏಪ್ರಿಲ್ 15ರಿಂದ ಹೊಸ ಪ್ಯಾಕೇಜುಗಳಿಗೆ ಪ್ರವೇಶವಿಲ್ಲ, ಸಣ್ಣ ತಿದ್ದುಪಡಿ ಮಾತ್ರ. ಮೇ 15ರ ನಂತರ ಮುಖ್ಯವಾದವಕ್ಕೂ ಪರೀಕ್ಷೆಗಳಿಲ್ಲದವಕ್ಕೂ ಬಿಡುಗಡೆ ತಂಡದ ಒಪ್ಪಿಗೆ ಬೇಕಾಯಿತು. ಜುಲೈ 27ರಿಂದ ಎಲ್ಲಕ್ಕೂ ಬೇಕಾಯಿತು. ಈ ಹಂತದಲ್ಲಿ ಬ್ರಿಟ್ನಿ ಹಿಂದೆ ಸರಿದು ಮನುಷ್ಯರು ಮುಂದೆ ಬರುತ್ತಾರೆ: ಏನು ಬದಲಾಯಿತು ಎಂದು ಸಾಲು ಸಾಲಾಗಿ ತೋರಿಸಿ, ಯಾಕೆ ಎಂದು ಬರೆದು ಕೇಳಿಕೊಳ್ಳಬೇಕು.

ಒಳಗೆ ಬರುವುದಕ್ಕಷ್ಟೇ ನಿಯಮವಲ್ಲ, ಹೊರಗೆ ಹಾಕುವುದಕ್ಕೂ ಇದೆ. 2013ರಿಂದ, ಮೇಲಿನ ದರ್ಜೆಯ ಬಗ್ ಇಟ್ಟುಕೊಂಡು ಯಾರೂ ಸರಿಮಾಡದ ಪ್ಯಾಕೇಜನ್ನು ಮುನ್ಸೂಚನೆ ಕೊಟ್ಟು ಟೆಸ್ಟಿಂಗ್‌ನಿಂದ ತೆಗೆದುಹಾಕುತ್ತಾರೆ. ಬಹಳ ಜನ ಬಳಸುವ, ವ್ಯವಸ್ಥೆಗೆ ಅತ್ಯಗತ್ಯವಾದ ಪ್ಯಾಕೇಜುಗಳಿಗೆ ಮಾತ್ರ ವಿನಾಯಿತಿ. ಬಹಳ ಜನ ಎಂದರೆ ಎಷ್ಟು ಎಂಬ ಲೆಕ್ಕ ಬರುವುದು ‘ಪಾಪ್ಯುಲಾರಿಟಿ ಕಾಂಟೆಸ್ಟ್’ ಎಂಬ ಪ್ಯಾಕೇಜನ್ನು ತಾವಾಗಿ ಒಪ್ಪಿ ಹಾಕಿಕೊಂಡವರ ಯಂತ್ರಗಳಿಂದ. ಕನ್ನಡದಂಥ ಭಾಷೆಗಳ ಸಣ್ಣ ಸಲಕರಣೆಗಳು ಇಂಥ ಎಣಿಕೆಯಲ್ಲಿ ಸದಾ ಹಿಂದೆ. ಬಳಸುವವರಿದ್ದರೂ ಲೆಕ್ಕಕ್ಕೆ ಸಿಗದಿದ್ದರೆ ಇಲ್ಲದಂತೆಯೇ.

ಇನ್ನು ನಾವು ಮಾಡಬಹುದಾದದ್ದು. ಮೊದಲನೆಯದಾಗಿ, ಶಾಲೆ, ಕಚೇರಿ, ಅಂಗಡಿಯ ಯಂತ್ರಕ್ಕೆ ಟೆಸ್ಟಿಂಗ್ ಹಾಕಬೇಡಿ. ಅಲ್ಲಿಗೆ ಭದ್ರತೆಯ ತಿದ್ದುಪಡಿಗಳೂ ಸಾಮಾನ್ಯವಾಗಿ ಅನ್‌ಸ್ಟೇಬಲ್‌ನಲ್ಲಿ ಕಾದು ಬರುವುದರಿಂದ ಸ್ಟೇಬಲ್‌ಗಿಂತ ತಡವಾಗಬಹುದು. ಕೆಲಸಕ್ಕೆ ಸ್ಟೇಬಲ್, ಪರೀಕ್ಷೆಗೆ ಹಳೆಯ ಲ್ಯಾಪ್‌ಟಾಪ್ ಅಥವಾ ವರ್ಚುವಲ್ ಯಂತ್ರ. ಪ್ಯಾಕೇಜುಗಳನ್ನು ಎಲ್ಲಿಂದ ತರಬೇಕೆಂದು ಹೇಳುವ ಆಕರ ಪಟ್ಟಿಯಲ್ಲಿ ‘ಟೆಸ್ಟಿಂಗ್’ ಎಂದೇ ಬರೆದರೆ ಬಿಡುಗಡೆಯ ದಿನ ನಿಮ್ಮ ಯಂತ್ರ ತಾನಾಗಿ ಮುಂದಿನ ಟೆಸ್ಟಿಂಗ್‌ಗೆ ಜಾರುತ್ತದೆ. ‘ಫೋರ್ಕಿ’ ಎಂದು ಬರೆದರೆ ಅದರ ಜೊತೆಗೇ ಸ್ಟೇಬಲ್ ಆಗುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಎರಡನೆಯದಾಗಿ, ಒಂದು ಪುಟದ ಕನ್ನಡ ಪಠ್ಯ ಸಿದ್ಧಮಾಡಿಟ್ಟುಕೊಳ್ಳಿ. ನಮ್ಮ ಜಿಲ್ಲೆಯ ಊರುಗಳೇ ಸಾಕು. ಗುಂಡ್ಲುಪೇಟೆಯಲ್ಲಿ ಡಕಾರಕ್ಕೆ ಲಕಾರದ ಒತ್ತು. ಕೊಳ್ಳೇಗಾಲದಲ್ಲಿ ದ್ವಿತ್ವ, ಅದರ ಮೇಲೆ ದೀರ್ಘ ಏತ್ವ. ಮಲೆ ಮಹದೇಶ್ವರದಲ್ಲಿ ಶಕಾರಕ್ಕೆ ವಕಾರ. ಹಿಮವದ್‌ಗೋಪಾಲಸ್ವಾಮಿ ಬೆಟ್ಟದಲ್ಲಿ ದಕಾರ ಅರ್ಧಾಕ್ಷರವಾಗಿಯೇ ನಿಲ್ಲಬೇಕು, ಗಕಾರ ಅದರ ಕೆಳಗೆ ಇಳಿಯಬಾರದು. ಸಂತೇಮರಹಳ್ಳಿ, ತೆರಕಣಾಂಬಿ, ಯಳಂದೂರು, ಹನೂರು ಸೇರಿಸಿ. ಅರ್ಕಾವತ್ತಿಗೆ ‘ಸೂರ್ಯ’, ಅರ್ಕಾವತ್ತು ಬರಬಾರದ ಕಡೆಗೆ ‘ರ‍್ಯಾಂಕ್’. ಈ ಎರಡರಲ್ಲೂ ಇರುವುದು ರಕಾರ ಯಕಾರಗಳೇ, ಕಣ್ಣಿಗೆ ಕಾಣದ ಒಂದು ಜೋಡಕದಿಂದ ರೂಪ ಬೇರೆಯಾಗುತ್ತದೆ. ನನ್ನ ಅನುಭವದಲ್ಲಿ ಹೆಚ್ಚು ಕೆಡುವುದೂ ಇದೇ. ಕನ್ನಡ ಅಂಕಿಗಳನ್ನೂ ಒಂದು ಸಾಲು ಬರೆಯಿರಿ. ಇದನ್ನು ಲಿಬ್ರೆಆಫೀಸಿನಲ್ಲಿ ತೆರೆದು, ಪಿಡಿಎಫ್ ಮಾಡಿ, ಮುದ್ರಿಸಿ ನೋಡಲು ಹತ್ತು ನಿಮಿಷ ಬೇಕು.

ಕೆಟ್ಟಿದ್ದರೆ ಯಾರ ತಪ್ಪು ಎಂದು ಮೊದಲು ಹುಡುಕಿ. ಬೇರೆ ಫಾಂಟಿನಲ್ಲಿ ಸರಿಯಿದ್ದರೆ ದೋಷ ಫಾಂಟಿನದ್ದು ಇರಬಹುದು. ಎಲ್ಲ ಫಾಂಟಿನಲ್ಲೂ ಕೆಟ್ಟು, ಒಂದೇ ತಂತ್ರಾಂಶದಲ್ಲಿ ಮಾತ್ರ ಹಾಗಿದ್ದರೆ ಆ ತಂತ್ರಾಂಶದ್ದು. ಎಲ್ಲೆಡೆ ಕೆಟ್ಟಿದ್ದರೆ ಹಾರ್ಫ್‌ಬಝ್ ಮೇಲೆ ಅನುಮಾನ. ಅದರ ಜೊತೆಗೆ ಬರುವ ‘ಎಚ್‌ಬಿ-ವ್ಯೂ’ ಎಂಬ ಆಜ್ಞೆ ಒಂದು ಪದವನ್ನು ನೇರವಾಗಿ ಚಿತ್ರ ಮಾಡಿ ತೋರಿಸುತ್ತದೆ. ನಂತರ ‘ರಿಪೋರ್ಟ್‌ಬಗ್’ ಎಂಬ ಪ್ಯಾಕೇಜು ಹಾಕಿಕೊಂಡು ದೂರು ಬರೆಯಿರಿ. ಆವೃತ್ತಿಯ ಸಂಖ್ಯೆಗಳನ್ನು ಅದೇ ತುಂಬಿಕೊಳ್ಳುತ್ತದೆ. ನೀವು ಕೊಡಬೇಕಾದ್ದು ಮೂಲ ಪಠ್ಯ, ಹೇಗೆ ಕಾಣುತ್ತಿದೆ ಎಂಬ ಚಿತ್ರ, ಹೇಗೆ ಕಾಣಬೇಕಿತ್ತು ಎಂಬ ಇನ್ನೊಂದು ಚಿತ್ರ. ಭಾಷೆ ಇಂಗ್ಲಿಷ್ ಬೇಕು, ಆದರೆ ಮೂರು ಸರಳ ವಾಕ್ಯ ಸಾಕು. ಓದುವವರಿಗೆ ಕನ್ನಡ ಬರದು ಎಂಬುದನ್ನು ಮರೆಯಬೇಡಿ, ಕೆಟ್ಟ ಅಕ್ಷರವನ್ನು ಬಾಣ ಹಾಕಿ ತೋರಿಸಿ.

ದರ್ಜೆ ಆರಿಸುವಾಗ ಸಂಕೋಚವೂ ಬೇಡ, ಆರ್ಭಟವೂ ಬೇಡ. ಪ್ಯಾಕೇಜು ಬಳಸಲು ಬಾರದಂತಾಗಿದ್ದರೆ ಅದು ‘ಗ್ರೇವ್’ ಎಂದು ಡೆಬಿಯನ್‌ನ ವಿವರಣೆಯೇ ಹೇಳುತ್ತದೆ. ಕನ್ನಡ ಫಾಂಟೊಂದರಲ್ಲಿ ಒತ್ತಕ್ಷರಗಳೇ ಬಾರದಿದ್ದರೆ ಆ ಫಾಂಟು ಇರುವುದಾದರೂ ಯಾತಕ್ಕೆ? ಅದು ಗ್ರೇವ್ ಎಂದು ವಾದಿಸಬಹುದು. ಲಿಬ್ರೆಆಫೀಸಿನಲ್ಲಿ ಕನ್ನಡ ಮಾತ್ರ ಕೆಟ್ಟರೆ ಹಾಗೆನ್ನಲು ಬರುವುದಿಲ್ಲ, ‘ಇಂಪಾರ್ಟೆಂಟ್’ ಎನ್ನಿ. ದರ್ಜೆ ಹೆಚ್ಚಾಯಿತೆನಿಸಿದರೆ ನಿರ್ವಾಹಕರು ಇಳಿಸುತ್ತಾರೆ, ಅದರಲ್ಲಿ ಅವಮಾನವೇನಿಲ್ಲ.

ಪ್ಯಾಕೇಜು ಯಾಕೆ ದಾಟಿಲ್ಲ ಎಂದು ತಿಳಿಯಲು ‘ಗ್ರೆಪ್-ಎಕ್ಸ್‌ಕ್ಯೂಸಸ್’ ಎಂಬ ಆಜ್ಞೆಗೆ ಪ್ಯಾಕೇಜಿನ ಹೆಸರು ಕೊಟ್ಟರಾಯಿತು. ಎಷ್ಟು ದಿನ ಆಯಿತು, ಇನ್ನೆಷ್ಟು ಬಾಕಿ, ಯಾವ ಬಗ್ ಅಡ್ಡವಿದೆ, ಯಾವುದಕ್ಕಾಗಿ ಕಾಯುತ್ತಿದೆ ಎಂದು ಬ್ರಿಟ್ನಿಯ ಕಾರಣಗಳೆಲ್ಲ ಅಲ್ಲಿರುತ್ತವೆ. ಗೋಪ್ಯವೇನೂ ಇಲ್ಲ.

ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು, ಜಿಲ್ಲೆಯ ಕಂಪ್ಯೂಟರ್ ಶಿಕ್ಷಕರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಅನ್‌ಸ್ಟೇಬಲ್ ಹಾಕಿದ ಒಂದು ಹಳೆಯ ಯಂತ್ರವನ್ನು ಲ್ಯಾಬಿನ ಮೂಲೆಯಲ್ಲಿಟ್ಟು, ಕನ್ನಡದ ಫಾಂಟು ಅಥವಾ ಹಾರ್ಫ್‌ಬಝ್‌ನ ಹೊಸ ಆವೃತ್ತಿ ಬಂದಾಗ ಆ ಒಂದು ಪುಟವನ್ನು ತೆರೆದು ನೋಡಿ. ಐದು ದಿನದೊಳಗೆ ನೋಡಿ. ಆರನೆಯ ದಿನ ಅದು ಟೆಸ್ಟಿಂಗ್‌ನಲ್ಲಿರುತ್ತದೆ.